ಚಕ್ರದ ಮೇಲಿನ ಮನೆಯನ್ನು ತೂಗಿ ನೋಡಬೇಕು

ಆಸ್ಟ್ರೇಲಿಯ ಖಂಡದ ವಿಸ್ತೀರ್ಣ ಸುಮಾರು 77 ಲಕ್ಷ ಚದರ ಕಿಲೋಮೀಟರು. ಎಂದರೆ ನಮ್ಮ ದೇಶದ ಎರಡರಷ್ಟಕ್ಕಿಂತಲೂ ಹೆಚ್ಚು. ಅಲ್ಲಿನ ಜನಸಂಖ್ಯೆಯಾದರೋ ಮೂರು ಕೋಟಿಯನ್ನು ಇನ್ನೂ ಮುಟ್ಟಿಲ್ಲ. ಅದರಲ್ಲಿಯೂ ಬಹುಭಾಗ ಕಡಲಂಚಿನ ಕೆಲವು ನಗರಗಳಲ್ಲಿ ನೆಲೆಸಿದೆ. ಒಳನಾಡಿನಲ್ಲಿ ಒಂದು ಊರಿನಿಂದ ಮತ್ತೊಂದು ಊರಿಗೆ ನೂರಾರು ಕಿಲೋಮೀಟರುಗಳ ಅಂತರ. ನಡುವೆ ಛತ್ರವಿಲ್ಲ, ಹೋಟೆಲಿಲ್ಲ, ಕೆಲವೆಡೆ ನೀರೂ ಇಲ್ಲ. ಆದ್ದರಿಂದ ರಜೆಯಲ್ಲಿ ಹೆಂಡತಿ ಮಕ್ಕಳೊಡನೆ ದೇಶ ನೋಡಹೊರಟ ಅಲ್ಲಿನ ಗೃಹಸ್ಥನು ಮನೆಯನ್ನೇ ಕಾರಿನ ಹಿಂದೆ ಕಟ್ಟಿಕೊಂಡು ಹೊರಡುತ್ತಾನೆ. ಕ್ಯಾರವಾನ್ ಎಂಬ ಈ ವಾಹನವನ್ನು ನಾವು ಮನೆಬಂಡಿ ಎಂದು ಕರೆಯುವೆವು.

ಮನೆಬಂಡಿಗಳಲ್ಲಿ ಹಲವು ಜಾತಿಗಳಿವೆ. ಅವುಗಳಲ್ಲಿ ಈಚಿನ ವರ್ಷಗಳಲ್ಲಿ ಅಲ್ಲಿ ಬಹಳ ಜನಪ್ರಿಯವಾಗಿರುವುದು ‘ಹೈಬ್ರಿಡ್’ ಎಂಬ ಜಾತಿ. ಪೆಟ್ರೋಲು ಮತ್ತು ವಿದ್ಯುತ್ತು ಎರಡರಿಂದಲೂ ಓಡುವ ಕಾರಿಗೂ ಇದೇ ವಿಶೇಷಣವಿರುವುದರಿಂದ ವಾಚಕರು ತಪ್ಪು ತಿಳಿಯಬಾರದು. ಈ ಬಂಡಿಗೆ ಎಂಜಿನ್ನೇ ಇಲ್ಲ. ಗಟ್ಟಿ ಗೋಡೆಯ ಮನೆಬಂಡಿಗೂ ಬಟ್ಟೆಯ ಗುಡಾರವನ್ನು ಮಡಿಸಿಟ್ಟ ಟ್ರೈಲರಿಗೂ ಹುಟ್ಟಿದ ಸಂಕರ ಸಂತಾನವಿದು. ಗೋಡೆಗಳು ಗಟ್ಟಿ, ಚಾವಣಿಯನ್ನು ಮೇಲಕ್ಕೆತ್ತಿದಾಗ ಅಥವಾ ಹಾಸಿಗೆಯನ್ನು ಹೊರಕ್ಕೆ ಚಾಚಿದಾಗ ಉಳಿದ ಗೋಡೆಯಷ್ಟೂ ಕ್ಯಾನ್ವಾಸು. ಅಡಿಗೆಮನೆಯು ಮೇಜಿನ ಸೆಳೆಖಾನೆಯಂತೆ ಪಕ್ಕದಿಂದ ಹೊರಗೆ ಬರುತ್ತದೆ. ಕಚ್ಚಾ ರಸ್ತೆಗಳಲ್ಲಿ ಓಡಲೆಂದು ಪ್ರತಿ ಚಕ್ರಕ್ಕೂ ಪ್ರತ್ಯೇಕವಾದ ಸ್ಪ್ರಿಂಗು, ಷಾಕ್ ಅಬ್ಸಾರ್ಬರುಗಳಿರುತ್ತವೆ. ಹೊಸದಕ್ಕೆ ಹತ್ತಾರು ಸಾವಿರ ಡಾಲರು ಬೆಲೆಯಾದ್ದರಿಂದ ಸಾಮಾನ್ಯ ಸಂಸಾರಗಳು ಒಬ್ಬರು ಬಳಸಿ ಮಾರಿದ್ದನ್ನು ಹುಡುಕುವುದೇ ಹೆಚ್ಚು. ಅಲ್ಲಿ ನೆಲೆಸಿರುವ ಕನ್ನಡಿಗರೂ ಈ ಹುಡುಕಾಟಕ್ಕೆ ಹೊರತಲ್ಲ. ಪರ್ತ್ ನಗರದಲ್ಲಿರುವ ನಮ್ಮ ದೊಡ್ಡಪ್ಪನ ಮಗ ಇಂತಹ ಒಂದು ಬಂಡಿಯ ವಿಷಯವಾಗಿ ನಮ್ಮನ್ನು ಕೇಳಿದುದೇ ಈ ಲೇಖನಕ್ಕೆ ನಿಮಿತ್ತ.

ಕೊಳ್ಳುವವರು ಸಾಧಾರಣವಾಗಿ ಏನನ್ನು ನೋಡುತ್ತಾರೆ? ಹಾಸಿಗೆ ಎಷ್ಟು ಅಗಲ, ಮಕ್ಕಳ ಅಟ್ಟದ ಮಂಚ ಎಷ್ಟು ಉದ್ದ, ತಂಗಳುಪೆಟ್ಟಿಗೆ ಎಷ್ಟು ದೊಡ್ಡದು, ಚಾವಣಿಯ ಮೇಲೆ ಎಷ್ಟು ಸೌರಫಲಕಗಳಿವೆ, ಬಣ್ಣ ಮಾಸಿದೆಯೋ ಇಲ್ಲವೋ. ಇವೆಲ್ಲ ಮನೆಯನ್ನು ಕೊಳ್ಳುವವನು ಕೇಳುವ ಪ್ರಶ್ನೆಗಳು. ಬಂಡಿಯನ್ನು ಕೊಳ್ಳುವವನು ಮೊದಲು ಕೇಳಬೇಕಾದುವು ಬೇರೆ. ಇದರ ತೂಕವೆಷ್ಟು? ಆ ತೂಕ ಎಲ್ಲೆಲ್ಲಿ ಹಂಚಿಹೋಗಿದೆ? ಇದು ಇದುವರೆಗೆ ಎಷ್ಟು ಪೆಟ್ಟು ತಿಂದಿದೆ? ಈ ಮೂರಕ್ಕೆ ಉತ್ತರ ದೊರೆಯದೆ ಮುಂಗಡ ಹಣ ಕೊಡಬಾರದೆಂಬುದು ನಮ್ಮ ಖಚಿತವಾದ ಅಭಿಪ್ರಾಯ. ಉತ್ತರ ಪಡೆಯಲು ಬೇಕಾದ ವಿಜ್ಞಾನವಾದರೋ ಪ್ರೌಢಶಾಲೆಯ ಭೌತಶಾಸ್ತ್ರವನ್ನು ಮೀರಿದುದಲ್ಲ.

ಮೊದಲನೆಯದು ತೂಕ. ಆಸ್ಟ್ರೇಲಿಯದಲ್ಲಿ ಪ್ರತಿ ಮನೆಬಂಡಿಯ ಮೇಲೂ ಒಂದು ಲೋಹದ ಫಲಕ ಬಡಿದಿರುತ್ತದೆ. ತಯಾರಾದಾಗ ಬರಿಯ ಬಂಡಿಯ ತೂಕವೆಷ್ಟು, ಸಾಮಾನು ಹೇರಿದ ಮೇಲೆ ಒಟ್ಟು ತೂಕ ಎಷ್ಟನ್ನು ಮೀರಬಾರದು ಎಂಬ ಎರಡು ಸಂಖ್ಯೆಗಳು ಕೊಳ್ಳುವವನಿಗೆ ಮುಖ್ಯವಾದುವು. ಮೊದಲನೆಯದಕ್ಕೆ ‘ಟೇರ್’ ಎಂದೂ ಎರಡನೆಯದಕ್ಕೆ ‘ಎ.ಟಿ.ಎಂ.’ ಎಂದೂ ಹೆಸರು. ಇವೆರಡರ ವ್ಯತ್ಯಾಸವೇ ಸಂಸಾರವು ಹೇರಬಹುದಾದ ಸಾಮಾನಿನ ತೂಕ. ಲೆಕ್ಕ ಸುಲಭವಾಗಿ ಕಾಣುತ್ತದೆ. ತೊಡಕಿರುವುದು ಮೊದಲನೆಯ ಸಂಖ್ಯೆಯಲ್ಲಿ. ಬಂಡಿಯು ಕಾರ್ಖಾನೆಯಿಂದ ಹೊರಬಿದ್ದ ದಿನದ ತೂಕ ಅದು. ಆಮೇಲೆ ಒಡೆಯನು ಸೇರಿಸಿದ ಇನ್ನೊಂದು ಬ್ಯಾಟರಿ, ಪಕ್ಕದ ಚಪ್ಪರ, ಉಪಕರಣಗಳ ಪೆಟ್ಟಿಗೆ, ಎರಡನೆಯ ಹೆಚ್ಚುವರಿ ಚಕ್ರ ಇವು ಯಾವುವೂ ಅದರಲ್ಲಿ ಸೇರಿಲ್ಲ. ಮಾರುವವನು ಇವುಗಳನ್ನೆಲ್ಲ ‘ಉಚಿತವಾಗಿ ಬರುತ್ತವೆ’ ಎಂದು ಜಾಹೀರಾತಿನಲ್ಲಿ ಹೊಗಳಿಕೊಳ್ಳುತ್ತಾನೆ. ತಕ್ಕಡಿಯ ಮುಂದೆ ಉಚಿತವೆಂಬುದು ಯಾವುದೂ ಇಲ್ಲ.

ನಮ್ಮ ಅಣ್ಣನವರು ನೋಡಿದ ಬಂಡಿಯ ಫಲಕದಲ್ಲಿ ಟೇರ್ 1,850 ಕಿಲೋಗ್ರಾಂ, ಮೇಲಿನ ಮಿತಿ 2,400 ಕಿಲೋಗ್ರಾಂ ಎಂದಿತ್ತು. ಹಾಗಾದರೆ 550 ಕಿಲೋಗ್ರಾಂ ಹೇರಬಹುದೆಂದು ಅವರು ಸಂತೋಷಪಟ್ಟಿದ್ದರು. ನಮ್ಮ ಒತ್ತಾಯಕ್ಕೆ ಲಾರಿಗಳನ್ನು ತೂಗುವ ಕಾಟಾದ ಮೇಲೆ ಅದನ್ನು ಬರಿದಾಗಿಯೇ ತೂಗಿಸಿದಾಗ 2,030 ಬಂದಿತು. ಹಿಂದಿನ ಒಡೆಯನ ಅಲಂಕಾರಗಳೇ 180 ಕಿಲೋಗ್ರಾಂ! ಉಳಿದುದು 370. ನೀರಿನ ತೊಟ್ಟಿಗಳಲ್ಲಿ 140 ಲೀಟರು ಹಿಡಿಯುತ್ತದೆ. ಲೀಟರಿಗೆ ಒಂದು ಕಿಲೋಗ್ರಾಮಿನಂತೆ ಅದನ್ನು ಕಳೆದರೆ 230. ನಾಲ್ಕು ಜನರ ಸಂಸಾರಕ್ಕೆ ಹಂಚಿದರೆ ತಲೆಗೆ 58 ಕಿಲೋಗ್ರಾಮೂ ಬರಲಿಲ್ಲ. ಇದರಲ್ಲಿಯೇ ಬಟ್ಟೆಬರೆ, ಹೊದಿಕೆ, ಪಾತ್ರೆ, ದಿನಸಿ, ಗ್ಯಾಸು, ಕುರ್ಚಿ, ಮಕ್ಕಳ ಸೈಕಲು ಎಲ್ಲವೂ ಅಡಗಬೇಕು.

“ಮೂರೂವರೆ ಟನ್ನು ಎಳೆಯುವ ಕಾರು ನನ್ನಲ್ಲಿದೆ. ನೂರಿನ್ನೂರು ಕಿಲೋ ಹೆಚ್ಚಾದರೆ ಏನಾದೀತು? ನೀನು ಪಾಠ ಹೇಳುವ ಅಭ್ಯಾಸವನ್ನು ಮನೆಯಲ್ಲಿಯೂ ಬಿಡುವುದಿಲ್ಲವಲ್ಲ!” ಎಂದು ಅವರು ನಕ್ಕರು. ಈ ಮಾತು ಅವರೊಬ್ಬರದಲ್ಲ. ದೊಡ್ಡ ಕಾರುಳ್ಳವರೆಲ್ಲರೂ ಇದನ್ನೇ ಹೇಳುತ್ತಾರೆ. 3,500 ಕಿಲೋಗ್ರಾಂ ಎಂಬುದು ಆ ಕಾರು ಎಳೆಯಬಲ್ಲ ಭಾರದ ಮಿತಿ. ಬಂಡಿಯ ಅಚ್ಚು, ಸ್ಪ್ರಿಂಗು, ಟೈರು, ಬ್ರೇಕುಗಳು ಹೊರಬಲ್ಲ ಮಿತಿಗೂ ಅದಕ್ಕೂ ಸಂಬಂಧವಿಲ್ಲ. ಎತ್ತು ಬಲವಾಗಿದೆಯೆಂದು ಗಾಡಿಯ ಅಚ್ಚು ಬಲವಾಗುವುದೇ?

ಎತ್ತಿನ ಮಾತು ಬಂದುದರಿಂದ ಎರಡನೆಯ ಪ್ರಶ್ನೆಗೆ ಅಲ್ಲಿಂದಲೇ ಹೋಗುವ. ಭತ್ತದ ಮೂಟೆಗಳನ್ನು ಗಾಡಿಗೆ ಹೇರುವ ನಮ್ಮ ರೈತನು ಮುಂಭಾರ, ಹಿಂಭಾರ ಎಂಬ ಎರಡು ಮಾತುಗಳನ್ನು ಬಳಸುತ್ತಾನೆ. ಮುಂಭಾರವಾದರೆ ನೊಗವು ಎತ್ತುಗಳ ಹೆಗಲನ್ನು ಅದುಮುತ್ತದೆ. ಹಿಂಭಾರವಾದರೆ ನೊಗ ಮೇಲಕ್ಕೆದ್ದು ಕೊರಳನ್ನು ಜಗ್ಗುತ್ತದೆ. ಆದುದರಿಂದ ಅವನು ಮೂಟೆಗಳನ್ನು ಅಚ್ಚಿನ ನೇರಕ್ಕೆ, ತುಸುವೇ ಮುಂದಕ್ಕೆ ಬರುವಂತೆ ಹೇರಿ, ಮೂಕಿಯನ್ನು ಕೈಯಿಂದ ಎತ್ತಿ ನೋಡಿ, ಹದವಾಗಿದೆಯೆಂದು ಕಂಡ ಮೇಲೆಯೇ ಎತ್ತು ಕಟ್ಟುತ್ತಾನೆ. ಸನ್ನೆಯ ನಿಯಮವನ್ನು ಇದಕ್ಕಿಂತ ಚೆನ್ನಾಗಿ ಕಲಿಸುವ ಉಪಕರಣ ನಮ್ಮ ಪ್ರಯೋಗಶಾಲೆಗಳಲ್ಲಿ ಇಲ್ಲ.

ಮನೆಬಂಡಿಯಲ್ಲಿ ಮೂಕಿಯ ಬದಲು ಉಕ್ಕಿನ ತೊಲೆ, ನೊಗದ ಬದಲು ಕಾರಿನ ಹಿಂದಿನ ಕೊಂಡಿ. ಆ ಕೊಂಡಿಯ ಮೇಲೆ ಬಂಡಿಯ ಒಟ್ಟು ತೂಕದ ನೂರಕ್ಕೆ ಸುಮಾರು ಹತ್ತು ಪಾಲು ಬಿದ್ದಿರಬೇಕೆಂದು ಆಸ್ಟ್ರೇಲಿಯದಲ್ಲಿ ಹೇಳುವುದುಂಟು. ಈಗ ಒಂದು ಲೆಕ್ಕ. 2,200 ಕಿಲೋಗ್ರಾಮಿನ ಬಂಡಿ. ಕೊಂಡಿಯ ಮೇಲೆ 220. ಅಚ್ಚಿನಿಂದ ಕೊಂಡಿಗೆ ನಾಲ್ಕು ಮೀಟರು. ಹಿಂಬದಿಯ ಕಂಬಿಗೆ, ಅಚ್ಚಿನಿಂದ ಎರಡೂವರೆ ಮೀಟರು ಹಿಂದೆ, ಸೈಕಲು ಮತ್ತು ಪೆಟ್ರೋಲು ಡಬ್ಬಿ ಸೇರಿ 80 ಕಿಲೋಗ್ರಾಂ ಕಟ್ಟಿದರೆನ್ನೋಣ. ಭ್ರಾಮಕಗಳನ್ನು ಸಮ ಮಾಡಿ ನೋಡಿದರೆ ಕೊಂಡಿಯ ಭಾರ 80 × 2.5 ÷ 4, ಎಂದರೆ 50 ಕಿಲೋಗ್ರಾಂ ಕುಗ್ಗಿ 170 ಆಗುತ್ತದೆ. ಒಟ್ಟು ತೂಕವೋ 2,280ಕ್ಕೆ ಏರುತ್ತದೆ. ನೂರಕ್ಕೆ ಹತ್ತಿದ್ದುದು ಏಳೂವರೆಗೆ ಇಳಿಯಿತು. ಬಂಡಿಯಲ್ಲಿ ನಾಲ್ಕು ವಸ್ತು ಹೆಚ್ಚಾದುದಷ್ಟೇ ಕಣ್ಣಿಗೆ ಕಾಣುವುದು, ಹಿಂಭಾರವಾದುದು ಕಾಣುವುದಿಲ್ಲ.

ಹಿಂಭಾರವಾದ ಬಂಡಿಯು ವೇಗ ಹೆಚ್ಚಿದಾಗ ಹಾವಿನ ಬಾಲದಂತೆ ಎಡಬಲಕ್ಕೆ ಹೊಯ್ದಾಡತೊಡಗುತ್ತದೆ. ಗಾಳಿಯ ಒಂದು ಹೊಡೆತವೋ ಎದುರಿನಿಂದ ಬಂದ ದೊಡ್ಡ ಲಾರಿಯೋ ಇದಕ್ಕೆ ಸಾಕು. ವೇಗ ಕಡಿಮೆಯಿದ್ದಾಗ ಟೈರುಗಳು ನೆಲವನ್ನು ಹಿಡಿದು ಪ್ರತಿ ಆಂದೋಲನವನ್ನೂ ಹಿಂದಿನದಕ್ಕಿಂತ ಚಿಕ್ಕದಾಗಿಸುತ್ತವೆ. ವೇಗ ಹೆಚ್ಚಿದಂತೆ ಟೈರುಗಳ ಈ ಸಾಮರ್ಥ್ಯ ಕುಗ್ಗುತ್ತದೆ. ಒಂದು ವೇಗವನ್ನು ದಾಟಿದ ಮೇಲೆ ಪ್ರತಿ ಆಂದೋಲನವೂ ಹಿಂದಿನದಕ್ಕಿಂತ ದೊಡ್ಡದಾಗುತ್ತದೆ, ಕೊನೆಗೆ ಬಂಡಿಯು ಕಾರನ್ನೂ ತನ್ನೊಡನೆ ಉರುಳಿಸುತ್ತದೆ. ಕಾರಿನಲ್ಲಿರುವವರು ಯಾರೆಂಬುದನ್ನು ನೆನೆಯಿರಿ. ಹಿಂದಿನ ಆಸನದಲ್ಲಿ ಮಕ್ಕಳಿದ್ದಾರೆ.

ಇಲ್ಲಿ ಇನ್ನೊಂದು ಸೂಕ್ಷ್ಮವಿದೆ. ಇದನ್ನು ಅನುಭವಸ್ಥರೂ ಮರೆಯುವುದುಂಟು. ಹಿಂದೆ 80 ಕಿಲೋಗ್ರಾಂ ಕಟ್ಟಿ, ಅದನ್ನು ಸರಿದೂಗಿಸಲು ಮುಂದಿನ ತೊಲೆಯ ಮೇಲೆ ಒಂದು ಭಾರವಾದ ಪೆಟ್ಟಿಗೆ ಇಟ್ಟರೆ ಕೊಂಡಿಯ ಭಾರ ಪುನಃ ಹತ್ತು ಪಾಲಿಗೆ ಬರುತ್ತದೆ. ತಕ್ಕಡಿ ಮೆಚ್ಚಿತು, ಆದರೆ ಬಂಡಿ ಡಂಬೆಲ್ಲಿನಂತಾಯಿತು. ಒಂದು ವಸ್ತುವಿನ ಜಡತ್ವ ಭ್ರಾಮಕವು ಅದರ ದೂರದ ವರ್ಗಕ್ಕೆ ಅನುಪಾತವಾಗಿರುತ್ತದೆಂದು ಕಾಲೇಜಿನ ವಿದ್ಯಾರ್ಥಿಗಳು ಬಾಯಿಪಾಠ ಮಾಡಿರುತ್ತಾರೆ. 40 ಕಿಲೋಗ್ರಾಮಿನ ಪೆಟ್ಟಿಗೆಯನ್ನು ಅಚ್ಚಿನಿಂದ ಅರ್ಧ ಮೀಟರು ದೂರದಲ್ಲಿಟ್ಟರೆ ಅದರ ಪಾಲು 10. ಮೂರು ಮೀಟರು ದೂರದಲ್ಲಿಟ್ಟರೆ 360. ಅದೇ ಪೆಟ್ಟಿಗೆ, ಮೂವತ್ತಾರರಷ್ಟು ಜಡತ್ವ! ಹೀಗೆ ತುದಿಗಳಲ್ಲಿ ಭಾರ ಹೇರಿದ ಬಂಡಿಯು ಒಮ್ಮೆ ಹೊಯ್ದಾಡತೊಡಗಿತೆಂದರೆ ನಿಲ್ಲಿಸುವುದು ಕಷ್ಟ. ಇಂಗ್ಲೆಂಡಿನ ಬಾತ್ ವಿಶ್ವವಿದ್ಯಾಲಯದ ಎಂಜಿನಿಯರರು ಪ್ರಯೋಗಕ್ಕಾಗಿ ಸಿದ್ಧಪಡಿಸಿದ ಟ್ರೈಲರನ್ನು ಎಳೆದು ನೋಡಿ 2009ರಲ್ಲಿ ಪ್ರಕಟಿಸಿದ ಫಲಿತಾಂಶಗಳಲ್ಲಿಯೂ ಜಡತ್ವ ಭ್ರಾಮಕ, ಮೂತಿಯ ಭಾರ, ಅಚ್ಚಿನ ಸ್ಥಾನ ಇವುಗಳೇ ಸ್ಥಿರತೆಯನ್ನು ಮುಖ್ಯವಾಗಿ ನಿರ್ಧರಿಸುವುವೆಂದು ಕಂಡುಬಂದಿತು. ಸಂಸಾರಗಳಿಗೆಂದು ಮಾಡಿದ ಬಂಡಿಗಳಲ್ಲಿ ಮಕ್ಕಳ ಮಂಚಗಳು ಬಹುವಾಗಿ ಹಿಂದುಗಡೆ ಇರುತ್ತವೆ. ಪ್ರಯಾಣದಲ್ಲಿ ಖಾಲಿಯಿರುವ ಆ ಮಂಚಗಳ ಮೇಲೆ ಸಾಮಾನು ಪೇರಿಸುವುದು ಎಲ್ಲ ತಾಯಂದಿರಿಗೂ ತಂದೆಯರಿಗೂ ಸಹಜವಾಗಿ ತೋಚುವ ಉಪಾಯ. ಅದನ್ನು ಮಾಡಬಾರದು.

ವೇಗದ ವಿಷಯವಾಗಿ ಒಂದೇ ಮಾತು. 2,400 ಕಿಲೋಗ್ರಾಮಿನ ಬಂಡಿಯ ಚಲನಶಕ್ತಿಯು ಗಂಟೆಗೆ 100 ಕಿಲೋಮೀಟರಿನಲ್ಲಿ ಸುಮಾರು 9 ಲಕ್ಷ 26 ಸಾವಿರ ಜೂಲುಗಳು. 80ರಲ್ಲಿ 5 ಲಕ್ಷ 93 ಸಾವಿರ. ವೇಗವನ್ನು ಐದರಲ್ಲಿ ಒಂದು ಪಾಲು ತಗ್ಗಿಸಿದರೆ ಬ್ರೇಕುಗಳು ನುಂಗಬೇಕಾದ ಶಕ್ತಿಯಲ್ಲಿ ಮೂರನೆಯ ಒಂದು ಪಾಲಿಗಿಂತ ಹೆಚ್ಚು ಉಳಿಯುತ್ತದೆ.

ಕೊಂಡಿಯ ಭಾರವು ಕಾರಿಗೇನು ಮಾಡುತ್ತದೆಂಬುದನ್ನೂ ನೋಡಬೇಕು. ಕಾರಿನ ಹಿಂದಿನ ಅಚ್ಚಿಗೆ 1.2 ಮೀಟರು ಹಿಂದೆ ಕೊಂಡಿಯಿದ್ದು, ಎರಡು ಅಚ್ಚುಗಳ ನಡುವೆ 3 ಮೀಟರು ಇದ್ದರೆ, 220 ಕಿಲೋಗ್ರಾಂ ಭಾರವು ಮುಂದಿನ ಚಕ್ರಗಳಿಂದ 88 ಕಿಲೋಗ್ರಾಮನ್ನು ಎತ್ತಿಬಿಡುತ್ತದೆ. ಹಿಂದಿನ ಅಚ್ಚಿನ ಮೇಲೆ 308 ಬೀಳುತ್ತದೆ. ಕಾರಿನ ದಿಕ್ಕನ್ನು ತಿರುಗಿಸುವುವು ಮುಂದಿನ ಚಕ್ರಗಳೇ ತಾನೆ? ಎಳೆಯುವ ಮಿತಿಯೊಳಗೇ ಇದ್ದೂ ಕಾರು ತಾನು ಹೊರುವ ಮಿತಿಯನ್ನು ಮೀರಿರುವುದು ಹೀಗೆ.

ಇನ್ನು ಮೂರನೆಯ ಪ್ರಶ್ನೆ. ನಮಗೆ ಬಹಳ ಕುತೂಹಲಕರವಾಗಿ ಕಂಡುದು ಇದೇ. ಹಳೆಯ ಕಾರನ್ನು ಕೊಳ್ಳುವವನು ಅದು ಎಷ್ಟು ಕಿಲೋಮೀಟರು ಓಡಿದೆಯೆಂದು ಮೀಟರಿನಲ್ಲಿ ನೋಡುತ್ತಾನೆ. ಮನೆಬಂಡಿಗೆ ಸಾಮಾನ್ಯವಾಗಿ ಅಂತಹ ಮೀಟರೇ ಇಲ್ಲ. ‘ಐದು ವರ್ಷದ್ದು, ಅಪರೂಪಕ್ಕೆ ಬಳಸಿದ್ದು’ ಎಂದು ಮಾರುವವನು ಹೇಳಿದರೆ ನಂಬುವುದೊಂದೇ ದಾರಿ. ವರ್ಷಗಳ ಲೆಕ್ಕವಾದರೋ ಇಲ್ಲಿ ಅಪ್ರಯೋಜಕ. ಅಂಗಳದಲ್ಲಿ ಐದು ವರ್ಷ ನಿಂತ ಬಂಡಿಯೂ ಕಿಂಬರ್ಲಿ ಪ್ರಾಂತ್ಯವನ್ನು ಒಮ್ಮೆ ಹಾದುಬಂದ ಬಂಡಿಯೂ ಒಂದೇ ವಯಸ್ಸಿನವಲ್ಲ.

ಆ ಪ್ರಾಂತ್ಯದಲ್ಲಿ ದನಗಳನ್ನು ಸಾಗಿಸಲೆಂದು ಮಾಡಿದ ಗಿಬ್ ರಿವರ್ ರಸ್ತೆಯೆಂಬುದೊಂದಿದೆ. ಉದ್ದ ಸುಮಾರು 660 ಕಿಲೋಮೀಟರು. ಸ್ವಲ್ಪ ಭಾಗಕ್ಕೆ ಟಾರು ಬಿದ್ದಿದೆ, ಉಳಿದುದು ಮಣ್ಣುಜಲ್ಲಿ. ಇಂತಹ ರಸ್ತೆಗಳ ಮೇಲ್ಮೈ ಸುಕ್ಕುತಗಡಿನಂತೆ ಅಡ್ಡಡ್ಡವಾಗಿ ಅಲೆಗಟ್ಟುತ್ತದೆ. ಏಕೆ ಹೀಗೆ? ಕಾರಿನ ಸ್ಪ್ರಿಂಗುಗಳ ಕುಣಿತದಿಂದ ಎಂದು ಬಹುಕಾಲ ಹಲವರು ಭಾವಿಸಿದ್ದರು. ಟೇಬರ್ಲೆ, ಮಾರಿಸ್, ಮ್ಯಾಕೆಲ್ವೇನ್ ಎಂಬ ಮೂವರು ಭೌತವಿಜ್ಞಾನಿಗಳು ತಿರುಗುವ ಮರಳಿನ ಹಾಸಿನ ಮೇಲೆ ಒಂದು ಚಕ್ರವನ್ನು ಬಿಟ್ಟು ಪರೀಕ್ಷಿಸಿ, 2007ರಲ್ಲಿ ಬೇರೆಯೇ ವಿವರಣೆ ಕೊಟ್ಟರು. ಸ್ಪ್ರಿಂಗು ಇಲ್ಲದ ಚಕ್ರವೂ ಅಲೆ ಎಬ್ಬಿಸುತ್ತದೆ. ಒಂದು ಮಿತಿಯನ್ನು ವೇಗ ದಾಟಿದರೆ ಸಾಕು, ಸಮತಟ್ಟಾದ ಮರಳಿನ ಹಾಸು ಸಮತಟ್ಟಾಗಿ ಉಳಿಯಲಾರದು. ಆ ಮಿತಿಯು ಬಹಳ ಕಡಿಮೆಯಾದ್ದರಿಂದ ವಾಹನಗಳು ಓಡಾಡುವ ಕಚ್ಚಾ ರಸ್ತೆಗೆ ಸುಕ್ಕಿನಿಂದ ಬಿಡುಗಡೆಯಿಲ್ಲ.

ಅಲೆಯಿಂದ ಅಲೆಗೆ ಮುಕ್ಕಾಲು ಮೀಟರು, ರಸ್ತೆಯ ಅರ್ಧ ಭಾಗ ಮಾತ್ರ ಸುಕ್ಕುಗಟ್ಟಿದೆ ಎಂದಿಟ್ಟುಕೊಳ್ಳುವ. 330 ಕಿಲೋಮೀಟರಿನಲ್ಲಿ 4 ಲಕ್ಷ 40 ಸಾವಿರ ಅಲೆಗಳು! ಗಂಟೆಗೆ 60 ಕಿಲೋಮೀಟರಿನಂತೆ ಹೋದರೆ ಸೆಕೆಂಡಿಗೆ ಸುಮಾರು 22 ಪೆಟ್ಟು. ಒಂದು ರಜೆಯಲ್ಲಿ ಒಂದು ರಸ್ತೆಯನ್ನು ಒಂದು ದಿಕ್ಕಿನಲ್ಲಿ ಹಾದುದರ ಲೆಕ್ಕವಿದು. ತಂತಿಯನ್ನು ಅತ್ತ ಇತ್ತ ಬಾಗಿಸಿ ಮುರಿಯುವುದನ್ನು ಬಾಲ್ಯದಲ್ಲಿ ಎಲ್ಲರೂ ಮಾಡಿದ್ದೇವೆ. ಒಂದೇ ಸಲಕ್ಕೆ ಮುರಿಯದ ಲೋಹವು ಸಣ್ಣ ಸಣ್ಣ ಬಾಗುಗಳು ಲಕ್ಷಗಟ್ಟಲೆ ಆದಾಗ ಬಿರಿಯುತ್ತದೆ. ಇದನ್ನು ಲೋಹದ ಬಳಲಿಕೆ ಎನ್ನುತ್ತಾರೆ. 1954ರಲ್ಲಿ ಎರಡು ಕಾಮೆಟ್ ಜೆಟ್ ವಿಮಾನಗಳು ಆಕಾಶದಲ್ಲಿಯೇ ಒಡೆದು ಬಿದ್ದುವು. ಫಾರ್ನ್‌ಬರೋದ ವಿಜ್ಞಾನಿಗಳು ಅದೇ ಬಗೆಯ ಒಂದು ವಿಮಾನವನ್ನು ನೀರಿನ ತೊಟ್ಟಿಯಲ್ಲಿಟ್ಟು ಒತ್ತಡವನ್ನು ಮತ್ತೆ ಮತ್ತೆ ಏರಿಸಿ ಇಳಿಸಿ ಈ ಬಳಲಿಕೆಯೇ ಕಾರಣವೆಂದು ತೋರಿಸಿಕೊಟ್ಟರು. ಉಕ್ಕಿಗೆ ಒಂದು ಅನುಕೂಲವಿದೆ. ಒತ್ತಡವು ಒಂದು ಮಿತಿಯ ಕೆಳಗಿದ್ದರೆ ಅದು ಬಹುಮಟ್ಟಿಗೆ ಎಷ್ಟು ಬಾಗುಗಳನ್ನಾದರೂ ತಾಳಿಕೊಳ್ಳುತ್ತದೆ. ಅಲ್ಯೂಮಿನಿಯಮ್ಮಿಗೆ ಅಂತಹ ಸ್ಪಷ್ಟವಾದ ಮಿತಿಯಿಲ್ಲ. ಪ್ರತಿ ಪೆಟ್ಟೂ ಅದರ ಖಾತೆಗೆ ಜಮೆಯಾಗುತ್ತ ಹೋಗುತ್ತದೆ. ಬೆಸುಗೆಯ ಅಂಚಿನಲ್ಲಿ ಉಕ್ಕೂ ದುರ್ಬಲವೇ.

ಆದುದರಿಂದ ಕೊಳ್ಳುವವನು ಹಳೆಯ ಬಟ್ಟೆ ತೊಟ್ಟು, ಟಾರ್ಚು ಹಿಡಿದು, ಬಂಡಿಯ ಕೆಳಗೆ ಮಲಗಬೇಕು. ತೊಲೆಯು ಚೌಕಟ್ಟನ್ನು ಕೂಡುವ ಕಡೆ, ಸ್ಪ್ರಿಂಗಿನ ತೋಳುಗಳು ಕೀಲುಗೊಂಡಿರುವ ಕಡೆ, ಷಾಕ್ ಅಬ್ಸಾರ್ಬರಿನ ಹಿಡಿಗಳು, ನೀರಿನ ತೊಟ್ಟಿಯನ್ನು ಹೊತ್ತ ಪಟ್ಟಿಗಳು, ಇವುಗಳ ಬೆಸುಗೆಯ ಪಕ್ಕದಲ್ಲಿ ಕೂದಲೆಳೆಯಂತಹ ತುಕ್ಕಿನ ಗೆರೆ ಇದೆಯೇ ಎಂದು ನೋಡಬೇಕು. ಹೊಸದಾಗಿ ಕಪ್ಪು ಬಣ್ಣ ಬಳಿದ ತಳವನ್ನು ಕಂಡರೆ ಮೆಚ್ಚದೆ ಸಂಶಯಪಡಬೇಕು. ‘ಟಾರು ರಸ್ತೆ ಬಿಟ್ಟು ಇಳಿಸಿಯೇ ಇಲ್ಲ’ ಎಂಬ ಮಾತಿಗೂ ಪರೀಕ್ಷೆಯಿದೆ. ಓಡುವ ಬಂಡಿಯ ಹಿಂದೆ ಗಾಳಿಯ ಒತ್ತಡ ಕಡಿಮೆಯಾಗಿ ಕೆಂಧೂಳು ಸುಳಿದು ಬರುತ್ತದೆ, ಸಂದುಗಳಿಂದ ಒಳನುಗ್ಗುತ್ತದೆ. ಗೋಡೆಯನ್ನು ಎಷ್ಟು ತೊಳೆದರೂ ಸೆಳೆಖಾನೆಯ ಜಾರುಪಟ್ಟಿಯಲ್ಲಿ, ತಂಗಳುಪೆಟ್ಟಿಗೆಯ ಹಿಂದೆ, ತಂತಿಗಳು ಹಾದಿರುವ ಕೊಳವೆಯಲ್ಲಿ ಆ ಧೂಳು ಉಳಿದೇ ಇರುತ್ತದೆ. ಬೆರಳಿಟ್ಟು ನೋಡಿದರೆ ಸಾಕು.

ನೀರು ಸೋರಿದ ಗುರುತು ಇಷ್ಟು ಸುಲಭವಾಗಿ ಸಿಗುವುದಿಲ್ಲ. ಗೋಡೆಯೊಳಗೆ ಮರದ ಚೌಕಟ್ಟಿದ್ದರೆ ಹೊರಗೆ ಹೊಳಪಾಗಿದ್ದೇ ಒಳಗೆ ಕೊಳೆತಿರಬಹುದು. ಎರಡು ಮೊಳೆಗಳುಳ್ಳ ತೇವಮಾಪಕವೊಂದು ಅಗ್ಗವಾಗಿ ಸಿಗುತ್ತದೆ. ಒಣಮರದ ವಿದ್ಯುತ್ ನಿರೋಧ ಬಹಳ ಹೆಚ್ಚು, ನೆನೆದ ಮರದ್ದು ಕಡಿಮೆ, ಅದರ ತತ್ತ್ವ ಇಷ್ಟೇ. ಕಿಟಕಿಯ ಕೆಳಮೂಲೆಗಳಲ್ಲಿಯೂ ಎತ್ತುವ ಚಾವಣಿಯ ಅಂಚಿನಲ್ಲಿಯೂ ಒಡೆಯನ ಒಪ್ಪಿಗೆ ಪಡೆದು ಇದನ್ನು ಚುಚ್ಚಿ ನೋಡಬೇಕು. ಕ್ಯಾನ್ವಾಸನ್ನು ಪೂರ್ಣವಾಗಿ ಬಿಚ್ಚಿಸಿ ಮೂಸಿ ನೋಡಬೇಕು.

ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿಗಳ ಒಂದು ಗುರುತಿರುತ್ತದೆ. 2319 ಎಂದಿದ್ದರೆ 2019ನೆಯ ವರ್ಷದ 23ನೆಯ ವಾರದಲ್ಲಿ ತಯಾರಾದುದೆಂದು ಅರ್ಥ. ಬಿಸಿಲಿನಲ್ಲಿ ನಿಂತೇ ಇರುವ ಬಂಡಿಯ ಟೈರು ಸವೆಯದೆಯೂ ಮುದಿಯಾಗುತ್ತದೆ. ಬ್ಯಾಟರಿ ಸೀಸದ್ದಾದರೆ ಅದರ ಮೇಲೆ ಬರೆದ ಸಾಮರ್ಥ್ಯದಲ್ಲಿ ಅರ್ಧವನ್ನು ಮಾತ್ರ ನೆಚ್ಚಬಹುದು. ಲಿಥಿಯಂ ಐರನ್ ಫಾಸ್ಫೇಟಿನದು ಸುಮಾರು ಅರ್ಧ ತೂಕದಲ್ಲಿಯೇ ಹೆಚ್ಚು ಶಕ್ತಿ ಕೊಡುತ್ತದೆ, ಆದರೆ ನೀರು ಹೆಪ್ಪುಗಟ್ಟುವ ಚಳಿಯಲ್ಲಿ ಅದನ್ನು ಚಾರ್ಜು ಮಾಡಬಾರದು. ಬಂಡಿಯ ಚಕ್ರಗಳ ಮೇಲಿನ ಭಾರದ ಮಿತಿ 2,000 ಕಿಲೋಗ್ರಾಮನ್ನು ಮೀರಿದರೆ ಎಲ್ಲ ಚಕ್ರಗಳಿಗೂ ಬ್ರೇಕಿರಬೇಕು, ಮತ್ತು ಕೊಂಡಿ ಕಳಚಿದರೆ ಬ್ರೇಕು ತಾನಾಗಿ ಹಿಡಿಯುವ ಏರ್ಪಾಡಿರಬೇಕು ಎಂಬುದು ಆಸ್ಟ್ರೇಲಿಯದ ನಿಯಮ. ಅದರ ಪಿನ್ನನ್ನು ಎಳೆಸಿ ನೋಡಲು ಒಂದು ನಿಮಿಷವೂ ಬೇಡ.

ಇಷ್ಟೆಲ್ಲ ತೊಂದರೆಯೇಕೆ, ಹೊಸದನ್ನೇ ಕೊಳ್ಳಬಾರದೇ ಎಂದು ಕೆಲವರು ಕೇಳಬಹುದು. ನಾವು ಅದನ್ನು ಒಪ್ಪುವುದಿಲ್ಲ. ಹೊಸ ಬಂಡಿಯ ದೋಷಗಳು ಹೊರಬೀಳುವುದು ಮೊದಲನೆಯ ಒರಟು ಪ್ರಯಾಣದಲ್ಲಿ. ಹಳೆಯದು ಆ ಪರೀಕ್ಷೆಯನ್ನು ಬೇರೊಬ್ಬರ ಖರ್ಚಿನಲ್ಲಿ ಮುಗಿಸಿರುತ್ತದೆ. ನಾಲ್ಕು ಲಕ್ಷ ಪೆಟ್ಟು ತಿಂದೂ ಬೆಸುಗೆ ಬಿರಿಯದ ಬಂಡಿಯು ಬಣ್ಣ ಮಾಸದ ಬಂಡಿಗಿಂತ ಉತ್ತಮವೆಂದೇ ನಮ್ಮ ಎಣಿಕೆ. ಎರಡು ಬಂಡಿಗಳು ಬೆಲೆಯಲ್ಲಿಯೂ ಸ್ಥಿತಿಯಲ್ಲಿಯೂ ಸಮವಾಗಿದ್ದರೆ ಹಗುರವಾದುದನ್ನೇ ಆರಿಸಬೇಕು, ಒಳಗೆ ಸ್ನಾನದ ಕೋಣೆ ಇಲ್ಲದಿದ್ದರೂ ಸರಿಯೆ. ನಮ್ಮ ಅತ್ತಿಗೆಯವರು ಈ ಮಾತನ್ನು ಒಪ್ಪಿಲ್ಲವೆಂಬುದನ್ನೂ ಇಲ್ಲಿ ಹೇಳಿಬಿಡುವುದು ನ್ಯಾಯ.

ತೂಗಿಸುವ ಕ್ರಮ ಹೀಗೆ. ಮೊದಲು ಬಂಡಿಯನ್ನು ಕಾರಿಗೆ ಕಟ್ಟಿದಂತೆಯೇ, ಬಂಡಿಯ ಚಕ್ರಗಳನ್ನು ಮಾತ್ರ ಕಾಟಾದ ಮೇಲೆ ನಿಲ್ಲಿಸಿ ತೂಗಬೇಕು. ಆಮೇಲೆ ಕಾರಿನಿಂದ ಬಿಡಿಸಿ, ಮೂತಿಯ ಚಿಕ್ಕಗಾಲಿಯೂ ಕಾಟಾದ ಮೇಲೆಯೇ ಇರುವಂತೆ ಪೂರ್ಣ ಬಂಡಿಯನ್ನು ತೂಗಬೇಕು. ಎರಡರ ವ್ಯತ್ಯಾಸವೇ ಕೊಂಡಿಯ ಭಾರ. ನೀರಿನ ತೊಟ್ಟಿ ಬರಿದಾಗಿದ್ದಾಗ ಒಮ್ಮೆ, ತುಂಬಿದ್ದಾಗ ಒಮ್ಮೆ ತೂಗಿದರೆ ತೊಟ್ಟಿಯು ಅಚ್ಚಿಗೆ ಮುಂದಿದೆಯೋ ಹಿಂದಿದೆಯೋ ಎಂಬುದೂ ಸಂಖ್ಯೆಯಿಂದಲೇ ತಿಳಿಯುತ್ತದೆ. ಕ್ವೀನ್ಸ್‌ಲೆಂಡ್ ರಾಜ್ಯದಲ್ಲಿ ಗ್ಯಾಸಿನ ಒಲೆಯುಳ್ಳ ಮನೆಬಂಡಿಯನ್ನು ಮಾರುವವನು ಗ್ಯಾಸು ಜೋಡಣೆ ಸುರಕ್ಷಿತವಾಗಿದೆಯೆಂಬ ಪ್ರಮಾಣಪತ್ರವನ್ನು ಕೊಡಬೇಕಾಗುತ್ತದೆ. ಅದರ ಪಕ್ಕದಲ್ಲಿಯೇ ತೂಕದ ಚೀಟಿಯೊಂದನ್ನೂ ಎಲ್ಲ ರಾಜ್ಯಗಳೂ ಕಡ್ಡಾಯಪಡಿಸಬೇಕು. ತೂಗಿದ ದಿನಾಂಕ, ಒಟ್ಟು ತೂಕ, ಚಕ್ರಗಳ ಮೇಲಿನ ತೂಕ, ಕೊಂಡಿಯ ಭಾರ ಈ ನಾಲ್ಕು ಸಾಲುಗಳು ಅದರಲ್ಲಿದ್ದರೆ ಸಾಕು. ಅಲ್ಲಿಯವರೆಗೆ ಕೊಳ್ಳುವವನೇ ಕೆಲವು ಹತ್ತು ಡಾಲರು ತೆತ್ತು ತೂಗಿಸಿಕೊಳ್ಳಬೇಕು. ಕಾಟಾದ ಹೆಸರೆತ್ತಿದೊಡನೆ ಮಾರುವವನಿಗೆ ಬೇರೆ ಗಿರಾಕಿಯ ನೆನಪಾದರೆ ಆ ಬಂಡಿಯನ್ನು ಅವನ ಅಂಗಳದಲ್ಲಿಯೇ ಬಿಟ್ಟು ಬರಬೇಕು.